ರುದ್ರಮ್ಮ ಒಪ್ಪಿಗೆ ಒತ್ತಲಿಲ್ಲ

ನಮ್ಮ ಕಂಪ್ಯೂಟರ್ ಲ್ಯಾಬಿನ ಅಟೆಂಡರ್ ರುದ್ರಮ್ಮ ನಕ್ಕರೆ ಮೂರನೇ ಮಹಡಿಯ ಡ್ರಾಯಿಂಗ್ ಹಾಲಿನವರೆಗೂ ಕೇಳಿಸುತ್ತದೆ. ಪರೀಕ್ಷೆ ನಡೆಯುವಾಗ ಯಾರೂ ಅವರೆದುರು ತಮಾಷೆ ಮಾಡಕೂಡದು ಎಂದು ಪ್ರಿನ್ಸಿಪಾಲ್ ಬಸವಪ್ರಸಾದ್ ಒಮ್ಮೆ ನಿಜವಾಗಿಯೂ ಸುತ್ತೋಲೆ ಹೊರಡಿಸಿದ್ದರು. ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಲು ಕೊಟ್ಟದ್ದು ರುದ್ರಮ್ಮನ ಕೈಗೇ. ಅಂಟಿಸುತ್ತ ಓದಿಕೊಂಡವರು ಅಲ್ಲೇ ಗೋಡೆ ಹಿಡಿದುಕೊಂಡು ಐದು ನಿಮಿಷ ನಕ್ಕರು. ಒಳಗೆ ಪರೀಕ್ಷೆ ನಡೆಯುತ್ತಿತ್ತು.

ನಾನು ತೇಜಸ್ವಿನಿ, ಜೆ.ಪಿ. ನಗರದ ಈ ಪಾಲಿಟೆಕ್ನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ರುದ್ರಮ್ಮ ಇಲ್ಲಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ತಲಘಟ್ಟಪುರದ ಹಳೇ ಊರಿನವರು. ಗಂಡ ಬೋರಯ್ಯ ಬಸ್ ಕಂಡಕ್ಟರ್ ಆಗಿ ನಿವೃತ್ತರಾಗಿದ್ದಾರೆ. ರುದ್ರಮ್ಮ ಓದಿದ್ದು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿವರೆಗೆ. ಇಂಗ್ಲಿಷನ್ನು ಒಂದೊಂದೇ ಅಕ್ಷರ ಹಿಡಿದು, ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವ ಹಾಗೆ ನಿಧಾನವಾಗಿ ಓದುತ್ತಾರೆ. ಲ್ಯಾಬಿನ ಬಾಗಿಲಲ್ಲಿ ಕುಳಿತು ಬಂದವರ ಐಡಿ ಕಾರ್ಡು ನೋಡುವುದು, ಅನುಮಾನ ಬಂದರೆ ಒಳಗಿರುವ ಮೇಷ್ಟ್ರನ್ನು ಕೇಳುವುದು, ಅವರು ಹೂಂ ಎಂದರೆ ಒಳಗೆ ಬಿಡುವುದು ಅವರ ಕೆಲಸ.

ಅವರ ಬಾಗಿಲು ಇಷ್ಟು ಭದ್ರವಾಗಿದ್ದರೂ ನಮ್ಮ ವೈಫೈ ಮಾತ್ರ ಧರ್ಮಛತ್ರವಾಗಿತ್ತು. ಇಡೀ ಕಾಲೇಜಿಗೆ ಒಂದೇ ಪಾಸ್‌ವರ್ಡು. ಕಾಲೇಜಿನ ಹೆಸರು ಬರೆದು ಮುಂದೆ ಒಂದು ಎರಡು ಮೂರು ಸೇರಿಸಿದರೆ ಮುಗಿಯಿತು. ರಸ್ತೆಯ ಮೂಲೆಯ ಬೇಕರಿಯಲ್ಲಿ ದಿಲ್‌ಪಸಂದ್ ಕೊಂಡವರಿಗೆ ನಮ್ಮ ಪಾಸ್‌ವರ್ಡು ಉಚಿತವಾಗಿ ಸಿಗುತ್ತಿತ್ತು. ಸಂಜೆಯಾದರೆ ಕಾಂಪೌಂಡ್ ಗೋಡೆಯ ಹೊರಗೆ ಸಾಲಾಗಿ ಕುಳಿತವರ ಮುಖದ ಮೇಲೆಲ್ಲ ಫೋನಿನ ಬೆಳಕು. ಎಲ್ಲರೂ ನಮ್ಮ ಅತಿಥಿಗಳು. ಆ ಪಾಸ್‌ವರ್ಡನ್ನು ಮುಟ್ಟದವರು ರುದ್ರಮ್ಮ ಒಬ್ಬರೇ.

"ಊರೋರೆಲ್ಲ ಕಚ್ಕೊಂಡು ಕುಡಿದ ಲೋಟ ಮೇಡಂ ಅದು. ನಂಗ್ ಬೇಡ," ಎನ್ನುತ್ತಿದ್ದರು.

ಕಳೆದ ವರ್ಷ ಆನ್‌ಲೈನ್ ಪರೀಕ್ಷೆಯ ನಡುವೆ ನೆಟ್ ನಿಂತೇ ಹೋಯಿತು. ಲೆಕ್ಕ ತೆಗೆದರೆ ಕಾಲೇಜಿನೊಳಗೆ ಇದ್ದವರು ನಾನೂರ ಹನ್ನೆರಡು ಮಂದಿ, ನೆಟ್‌ವರ್ಕಿನೊಳಗೆ ಇದ್ದ ಯಂತ್ರಗಳು ಏಳುನೂರ ಮೂವತ್ತು. ಅದರಲ್ಲೊಂದು ಎದುರಿನ ಸೆಲೂನಿನ ಟಿ.ವಿ. ಅದು ಕ್ರಿಕೆಟ್ ತೋರಿಸುತ್ತಿತ್ತು. ಪ್ರಿನ್ಸಿಪಾಲರು ಖುದ್ದಾಗಿ ಸೆಲೂನಿಗೆ ಹೋಗಿ ಟಿ.ವಿ. ಆರಿಸಿ ಎಂದು ಕೇಳಿಕೊಂಡರು. ಅರ್ಧ ಕ್ಷೌರವಾಗಿದ್ದ ಗಿರಾಕಿಯೊಬ್ಬ, "ಇನ್ನೊಂದೇ ಓವರ್ ಸಾರ್," ಎಂದನಂತೆ.

ಆ ವಾರವೇ ಬಿಟಿಎಂ ಲೇಔಟಿನ ಒಂದು ಸಣ್ಣ ಕಂಪನಿಯಿಂದ ಚಿರಂತ್ ಎಂಬ ಎಂಜಿನಿಯರ್ ಬಂದ. ಕಡ್ಡಿಯಂಥ ಮನುಷ್ಯ, ಮಾತು ಮಾತ್ರ ಪಟಾಕಿ ಸರ. ಹೊಸ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಅವರದೇ ಹೆಸರು, ಅವರದೇ ಪಾಸ್‌ವರ್ಡು ಎಂದ. ಸ್ಟಾಫ್ ರೂಮಿನಲ್ಲಿ ನಮ್ಮನ್ನೆಲ್ಲ ಕೂರಿಸಿ ಬೋರ್ಡಿನ ಮೇಲೆ ಮೂರು ಚೌಕ ಬರೆದ. ಒಂದು ಫೋನು, ಒಂದು ಗೋಡೆಗೆ ಹಾಕುವ ಬಿಳಿ ವೈಫೈ ಡಬ್ಬ, ಒಂದು ಒಳಗಿನ ಕೋಣೆಯಲ್ಲಿರುವ ಸರ್ವರ್. ಬಾಣಗಳು ಅತ್ತಿಂದಿತ್ತ ಓಡಿದವು. ಹತ್ತು ನಿಮಿಷಕ್ಕೆ ಗಣಿತದ ಮೇಷ್ಟ್ರು ತೂಕಡಿಸಿದರು. ನಾನು ಬಾಣಗಳ ನಡುವೆ ಒಂದು ಹೂವು ಬರೆದುಕೊಂಡೆ.

ಪ್ರೊಜೆಕ್ಟರಿನ ವೈರು ಹಿಡಿದುಕೊಂಡು ನಿಂತಿದ್ದ ರುದ್ರಮ್ಮ ಬಾಯಿ ತೆಗೆದರು. "ಅಂದ್ರೆ ಸಾರ್, ಆ ಬಿಳಿ ಡಬ್ಬ ನಾನು."

ಎಲ್ಲರೂ ನಕ್ಕೆವು. ಚಿರಂತ್ ನಗಲಿಲ್ಲ. "ಹೇಗೆ ಹೇಳಿ?" ಎಂದ.

"ಬಾಗಲಲ್ಲಿ ನಿಂತಿರೋಳು ನಾನು. ಬಂದೋರ ಹೆಸ್ರು ಕೇಳ್ತೀನಿ. ಆದ್ರೆ ಬಿಡ್ಬೇಕೋ ಬೇಡ್ವೋ ಅಂತ ನಾನೇ ತೀರ್ಮಾನ ಮಾಡೋ ಹಂಗಿಲ್ಲ. ಒಳಗಿರೋ ಸಾರ್‌ಗೆ ಹೇಳ್ತೀನಿ, ಅವ್ರು ಹೂಂ ಅಂದ್ರೆ ಬಾಗಲು ತೆಗೀತೀನಿ. ಅಷ್ಟೇ ತಾನೆ ಸಾರ್?"

"ಅಷ್ಟೇ!" ಎಂದು ಚಿರಂತ್ ಕೂಗಿಯೇಬಿಟ್ಟ. "ಇಡೀ ದೃಢೀಕರಣ ಅಷ್ಟೇ!" ಗಣಿತದ ಮೇಷ್ಟ್ರಿಗೆ ಎಚ್ಚರವಾಯಿತು.

ರುದ್ರಮ್ಮ ಅಲ್ಲಿಗೇ ಬಿಡಲಿಲ್ಲ. "ಇನ್ನೊಂದು ಸಾರ್. ಬರೋರು ಯಾರು ಅಂತ ಬಾಗಲು ಕೇಳುತ್ತೆ, ಸರಿ. ಬಾಗಲು ಯಾರದು ಅಂತ ಬರೋರು ಕೇಳೋದ್ ಬೇಡ್ವಾ?"

ಚಿರಂತ್ ಕೈಯಲ್ಲಿದ್ದ ಮಾರ್ಕರ್ ಕೆಳಗಿಟ್ಟ. ಮುಂದಿನ ಅರ್ಧ ಗಂಟೆ ತಾನು ಹೇಳಬೇಕೆಂದಿದ್ದ ವಿಷಯ ಅದೇ ಎಂದ. ಇದು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದ್ದಕ್ಕೆ ರುದ್ರಮ್ಮ ಮದುವೆಯ ಕಥೆ ಹೇಳಿದರು.

ಐದು ವರ್ಷದ ಹಿಂದೆ ಅವರೂ ಬೋರಯ್ಯನವರೂ ಬನಶಂಕರಿಯಲ್ಲಿ ಒಂದು ಮದುವೆಗೆ ಹೋಗಿದ್ದರು. ಅಕ್ಕಪಕ್ಕ ಎರಡು ಕಲ್ಯಾಣ ಮಂಟಪ. ಎರಡಕ್ಕೂ ಬಾಳೆಕಂಬ, ಎರಡಕ್ಕೂ ವಾಲಗ. ಬಾಗಿಲಲ್ಲಿ ಪನ್ನೀರು ಎರಚಿ, "ಬನ್ನಿ ಬನ್ನಿ, ಈಗ ಬಂದ್ರಾ?" ಎಂದು ಅಷ್ಟು ಪ್ರೀತಿಯಿಂದ ಕರೆದರೆ ಬೋರ್ಡು ಓದುವವರು ಯಾರು? ಒಳಗೆ ಹೋಗಿ ಊಟಕ್ಕೆ ಕುಳಿತರು. ಎರಡೆರಡು ಹೋಳಿಗೆ ತಿಂದರು. ಮದುಮಕ್ಕಳ ಕೈಗೆ ಒಂದು ಜೊತೆ ಹಿತ್ತಾಳೆ ದೀಪ ಕೊಟ್ಟು ಫೋಟೋಕ್ಕೂ ನಿಂತರು. ಆಗ ರುದ್ರಮ್ಮ ಹುಡುಗಿಯ ಮುಖ ನೋಡಿದರು. ತಮ್ಮ ನಾದಿನಿಯ ಮಗಳಲ್ಲ!

"ದೀಪ ವಾಪಸ್ ಕೇಳೋಕಾಗತ್ತಾ ಸಾರ್? ಬರಿಗೈಲಿ ಪಕ್ಕದ ಮಂಟಪಕ್ಕೆ ಹೋದ್ವಿ. ಅಲ್ಲಿ ನಮ್ ನಾದಿನಿ, ಊಟ ಮಾಡ್ದೆ ಹೋಗ್ಬೇಡಿ ಅಂತ ಮತ್ತೆ ಎಲೆ ಹಾಕ್ಸಿದ್ಲು. ಆವತ್ತಿಂದ ನಮ್ಮನೆಯವ್ರು ಬೋರ್ಡ್ ಓದ್ದೆ ಯಾರ ಮನೆ ಹೊಸ್ಲೂ ದಾಟಲ್ಲ. ನಾನೂ ಅಷ್ಟೇ."

ಸ್ಟಾಫ್ ರೂಮು ಬಿದ್ದು ಬಿದ್ದು ನಕ್ಕಿತು. ಎಲ್ಲ ಅಡಗಿದ ಮೇಲೆ ಚಿರಂತ್ ವಿಷಯಕ್ಕೆ ಬಂದ. ನಿಮ್ಮ ಫೋನು ಮೊದಲ ಸಲ ಸೇರುವಾಗ ಸರ್ವರ್ ತನ್ನ ಗುರುತಿನ ಪತ್ರ ತೋರಿಸುತ್ತದೆ. ಅದರ ಮೇಲೆ ನಮ್ಮ ಸರ್ವರಿನ ಹೆಸರಿದ್ದರೆ ಮಾತ್ರ ಒಪ್ಪಿಗೆ ಒತ್ತಿ, ಬೇರೆ ಹೆಸರಿದ್ದರೆ ಒತ್ತಬೇಡಿ, ನನಗೆ ಹೇಳಿ. ಆ ಹೆಸರನ್ನು ದಪ್ಪಕ್ಷರದಲ್ಲಿ ಮುದ್ರಿಸಿ ನೋಟಿಸ್ ಬೋರ್ಡಿಗೂ ಹಾಕಿಸಿದ. ನಾವೆಲ್ಲ ತಲೆಯಾಡಿಸಿದೆವು. ಓದಿದ್ದು ಯಾರು ಎಂಬುದು ಆಮೇಲೆ ಗೊತ್ತಾಯಿತು.

ಮುಂದಿನ ಹದಿನೈದು ದಿನ ಚಿರಂತ್ ಏಣಿ ಹತ್ತಿ ಡಬ್ಬ ಕೂರಿಸಿದ, ರುದ್ರಮ್ಮ ಕೆಳಗೆ ಏಣಿ ಹಿಡಿದರು. ಒಟ್ಟು ಇಪ್ಪತ್ತೆರಡು ಡಬ್ಬ. ಯಾವ ಕೋಣೆಯಲ್ಲಿ, ಯಾವ ಮೂಲೆಯಲ್ಲಿ ಎಂಬುದು ಅವರಿಗೆ ಬಾಯಿಪಾಠವಾಯಿತು. ಅಂಥದ್ದರಲ್ಲಿ ಸೋಮವಾರ ಹೊಸ ವೈಫೈ ಶುರುವಾದಾಗ ಅವರ ಫೋನನ್ನೇ ಅದು ಮೂರು ಸಲ ತಿರಸ್ಕರಿಸಿತು. ಆಫೀಸಿನಿಂದ ಚಿರಂತನಿಗೆ ಕೊಟ್ಟ ಪಟ್ಟಿಯಲ್ಲಿ ಮೇಷ್ಟ್ರುಗಳಿದ್ದರು, ವಿದ್ಯಾರ್ಥಿಗಳಿದ್ದರು, ಅಟೆಂಡರುಗಳೂ ಕಸ ಗುಡಿಸುವವರೂ ಇರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ, ಯಾರಿಗೂ ನೆನಪೇ ಆಗಿರಲಿಲ್ಲ. ನನಗಂತೂ ನಾಚಿಕೆಯಾಯಿತು. ಚಿರಂತ್ ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಹದಿನಾಲ್ಕು ಹೆಸರು ಸೇರಿಸಿದ. ಮೊದಲನೆಯದು ರುದ್ರಮ್ಮನದು.

"ಪಾಸ್‌ವರ್ಡ್ ನೀವೇ ಹಾಕಿ, ನನಗೆ ತೋರಿಸ್ಬೇಡಿ," ಎಂದು ಮುಖ ತಿರುಗಿಸಿದ.

ಅವರು ಫೋನನ್ನು ಎದೆಗೆ ಅವಚಿಕೊಂಡು ಮೂಲೆಗೆ ಹೋಗಿ, ತುಟಿ ಅಲುಗಿಸುತ್ತ, ಒಂದು ದೊಡ್ಡ ವಾಕ್ಯವನ್ನೇ ಒತ್ತಿದರು. ಆಮೇಲೆ ಪರದೆಯ ಮೇಲಿನ ಹೆಸರನ್ನು ನೋಟಿಸ್ ಬೋರ್ಡಿನ ಹಾಳೆಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ, ಒಪ್ಪಿಗೆ ಒತ್ತಿದರು. ಸೇರಿದೆ ಎಂದು ಬಂತು. ಐವತ್ತನಾಲ್ಕು ವರ್ಷದ ಹೆಂಗಸು ಚಪ್ಪಲಿ ಬಿಟ್ಟು ಎರಡು ಸಲ ಕುಣಿದರು. "ನಂದೇ ಹೆಸ್ರು ಮೇಡಂ! ನಂಗೆ ಅಂತಾನೇ ಬಾಗಲು ತೆಗೀತು!"

ಹೊರಗೆ ರಸ್ತೆಯಲ್ಲಿ ಮಾತ್ರ ಹಾಹಾಕಾರ. ಬೇಕರಿಯವರು ಬಂದರು, ಸೆಲೂನಿನವರು ಬಂದರು, ಗೋಡೆಯ ಸಾಲಿನವರು ನಿಯೋಗವಾಗಿ ಬಂದರು. "ಹೊಸ ಪಾಸ್‌ವರ್ಡ್ ಏನಕ್ಕಾ?" ಎಂದರೆ ರುದ್ರಮ್ಮ, "ನಂದು ನಂಗೆ, ನಿಂದು ನಿಂಗೆ. ನಿಂದಿಲ್ಲ," ಎನ್ನುತ್ತಿದ್ದರು.

ಇನ್ನು ಗುರುವಾರದ ಕಥೆ. ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಎಲ್ಲರ ಫೋನಿನಲ್ಲೂ ಮತ್ತೆ ಆ ಪ್ರಶ್ನೆ ಮೂಡಿತು: ಈ ಸರ್ವರನ್ನು ನಂಬುವಿರಾ? ನಾನು ಪಾಠಕ್ಕೆ ಹೊರಟಿದ್ದೆ. ಕಣ್ಣಾಡಿಸಿ, ನಂಬುತ್ತೇನೆ ಎಂದು ಒತ್ತಿ, ಪಾಸ್‌ವರ್ಡು ಬರೆದು, ಫೋನನ್ನು ಬ್ಯಾಗಿಗೆ ಹಾಕಿದೆ. ಮೆಟ್ಟಿಲ ಮೇಲೆ ರುದ್ರಮ್ಮ ಎದುರಾದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

"ಒತ್ಬೇಡಿ ಮೇಡಂ, ಒತ್ಬೇಡಿ!"

"ಒತ್ತಿ ಆಯ್ತಲ್ಲ ರುದ್ರಮ್ಮ. ಯಾಕೆ?"

ಅವರು ತಮ್ಮ ಫೋನು ಹಿಡಿದರು. "ಓದಿ."

ಓದಿದೆ. ಸರ್ವರಿನ ಹೆಸರು ಸರಿಯಾಗಿಯೇ ಇತ್ತು. ಹಾಗೆಂದೆ.

"ಅಕ್ಷರ ಬಿಡಿಸಿ ಓದಿ ಮೇಡಂ. ಪಾಲಿಟೆಕ್ನಿಕ್ ಅನ್ನೋದ್ರ ಕೊನೆಗೆ ಏನಿದೆ?"

ಸಿ ಇರಬೇಕಾದ ಕಡೆ ಕೆ ಇತ್ತು. ಎರಡು ಸ್ನಾತಕೋತ್ತರ ಪದವಿ ಇರುವ ನಾನು ಇಡೀ ಪದವನ್ನು ಒಂದೇ ಗುಟುಕಿಗೆ ನುಂಗಿದ್ದೆ. ಅವರು ಒಂದೊಂದೇ ಕಾಳು ನೋಡಿದ್ದರು.

ಯಾರೋ ನಮ್ಮ ವೈಫೈನ ವೇಷ ಹಾಕಿಕೊಂಡು ಪಾಸ್‌ವರ್ಡು ಕಸಿಯುತ್ತಿದ್ದಾರೆ! ಚಿರಂತನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಪೊಲೀಸಿಗೆ ಹೇಳೋಣವೇ ಎಂದೆ.

"ಮೊದ್ಲು ಡಬ್ಬ ಹುಡುಕೋಣ. ಇಲ್ಲೇ ಎಲ್ಲೋ ಇದೆ," ಎಂದರು ರುದ್ರಮ್ಮ. "ನಮ್ ಡಬ್ಬ ಇಪ್ಪತ್ತೆರಡೂ ನಂಗೆ ಗೊತ್ತು. ನಮ್ದು ಇಲ್ದೇ ಇರೋ ಕಡೆ ಸಿಗ್ನಲ್ ಜೋರಾಗ್ ಬಂದ್ರೆ, ಅಲ್ಲೇ ಕಳ್ಳ."

ನಾನು ತರಗತಿಗೆ ಹೋಗಿ, "ಇವತ್ತು ವ್ಯಾಕರಣ ಇಲ್ಲ," ಎಂದೆ. ಅರವತ್ತು ವಿದ್ಯಾರ್ಥಿಗಳು ಯಾಕೆ ಎಂದು ಕೇಳದೆ ಹಿಂದೆ ಬಂದರು. ಮೊದಲು ಕ್ಯಾಂಟೀನ್ ಹಿಂಭಾಗ: ಅಲ್ಲಿ ಡಬ್ಬ ಇಲ್ಲ, ಸಿಗ್ನಲ್ಲೂ ಒಂದೇ ಗೆರೆ. ಸೈಕಲ್ ಸ್ಟ್ಯಾಂಡ್: ಎರಡು ಗೆರೆ. "ಹತ್ರ ಬಂದ್ವಿ!" ಎಂದು ರುದ್ರಮ್ಮ ಓಡತೊಡಗಿದರು. ಓಡುವವರನ್ನು ಕಂಡು ಸಿವಿಲ್ ವಿಭಾಗದವರೂ ಓಡಿದರು. ಬೆಂಕಿ ಬಿದ್ದಿದೆಯೆಂದು ಯಾರೋ ಮರಳಿನ ಬಕೆಟ್ ಎತ್ತಿಕೊಂಡು ಬಂದರು. ಏನು ಗಲಾಟೆ ಎಂದು ಗದರಿಸಲು ಹೊರಬಂದ ಪ್ರಿನ್ಸಿಪಾಲರು ಗದರಿಸುವುದನ್ನು ಮರೆತು ಮೆರವಣಿಗೆಯ ಮಧ್ಯದಲ್ಲಿ ಸೇರಿಕೊಂಡರು. ಗಣಿತದ ಮೇಷ್ಟ್ರು ಓಡಿದ್ದನ್ನು ನಾನು ಮೊದಲ ಸಲ ನೋಡಿದೆ. ಹಳೇ ವರ್ಕ್‌ಶಾಪಿನ ಮುಂದೆ ಮೂರು ಗೆರೆ. ಒಳಗೆ ಕಾಲಿಟ್ಟರೆ ಪೂರ್ತಿ!

ಹಳೇ ವರ್ಕ್‌ಶಾಪಿನಲ್ಲಿ ಈಗ ಯಾರೂ ಕೆಲಸ ಮಾಡುವುದಿಲ್ಲ. ಮುರಿದ ಬೆಂಚುಗಳು, ತುಕ್ಕು ಹಿಡಿದ ಲೇತ್ ಯಂತ್ರ, ಅದರ ಪಕ್ಕದಲ್ಲಿ ರಾಜ್ಯೋತ್ಸವದ ಮೆರವಣಿಗೆಗೆಂದು ಪೇಪರಿನಿಂದ ಮಾಡಿದ್ದ ಆಳೆತ್ತರದ ಆನೆ. ಎಲ್ಲರೂ ಬೆಂಚಿನ ಕೆಳಗೆ, ಕಪಾಟಿನ ಹಿಂದೆ ಬಗ್ಗಿ ಹುಡುಕುತ್ತಿದ್ದರೆ ರುದ್ರಮ್ಮ ಮಾತ್ರ ನಡುವೆ ನಿಂತು ಆನೆಯನ್ನೇ ನೋಡುತ್ತಿದ್ದರು.

"ಮೇಡಂ," ಎಂದು ಪಿಸುಗುಟ್ಟಿದರು, "ಆನೆ ಕಣ್ಣು ಹೊಡೀತಿದೆ."

ನಿಜ. ಆನೆಯ ಎಡಗಣ್ಣಿನೊಳಗೆ ಹಸಿರು ದೀಪ ಮಿಣುಕುತ್ತಿತ್ತು. ನೂರೈವತ್ತು ಜನ ಆನೆಯ ಸುತ್ತ ಮುತ್ತಿಕೊಂಡರು. ರುದ್ರಮ್ಮ ಬಳೆ ಮೇಲೇರಿಸಿ, ಆನೆಯ ಬಾಯೊಳಗೆ ಮೊಣಕೈವರೆಗೂ ಕೈ ಹಾಕಿ, ದವಡೆಯನ್ನು ಒಮ್ಮೆ ಅಲ್ಲಾಡಿಸಿ, ಒಂದು ಕರೀ ವೈಫೈ ಡಬ್ಬವನ್ನು ವೈರು ಸಮೇತ ಎಳೆದು ಹೊರತೆಗೆದರು. ಎತ್ತಿ ಹಿಡಿದರು. ಎದ್ದ ಕೂಗಿಗೆ ತಗಡಿನ ಚಾವಣಿಯ ಪಾರಿವಾಳಗಳೆಲ್ಲ ಹಾರಿಹೋದವು.

ಆಗ ಟೂಲ್ ರೂಮಿನ ಬಾಗಿಲು ತೆರೆದು ಚಿರಂತ್ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಈಚೆ ಬಂದ, ಚಪ್ಪಾಳೆ ತಟ್ಟುತ್ತ.

"ನಾನೇ ಇಟ್ಟಿದ್ದು," ಎಂದ. "ಪರೀಕ್ಷೆ. ಪ್ರಿನ್ಸಿಪಾಲರ ಒಪ್ಪಿಗೆ ಪತ್ರ ಇದೆ. ಯಾರ ಪಾಸ್‌ವರ್ಡನ್ನೂ ಉಳಿಸಿಕೊಂಡಿಲ್ಲ, ಬಲೆಗೆ ಬಿದ್ದವರ ಹೆಸರು ಮಾತ್ರ ಇದೆ."

ಎಷ್ಟು ಜನ ಎಂದು ಪ್ರಿನ್ಸಿಪಾಲರು ಗಂಭೀರವಾಗಿ ಕೇಳಿದರು. ಕಾಲೇಜಿನಲ್ಲಿದ್ದ ನಾನೂರ ಹನ್ನೆರಡರಲ್ಲಿ ಇಪ್ಪತ್ಮೂರು ಜನ ಫೋನನ್ನೇ ನೋಡಿರಲಿಲ್ಲ. ಮುನ್ನೂರ ಎಂಬತ್ತೆಂಟು ಜನ ಬಿದ್ದಿದ್ದರು. ಪ್ರಶ್ನೆ ಬಂದ ಮೇಲೆ ಬೇಡ ಎಂದವರು ಒಬ್ಬರು.

"ನಾನಂತೂ ಬೀಳಲಿಲ್ಲ, ನನಗೆ ಮೊದಲೇ ಗೊತ್ತಿತ್ತಲ್ಲ," ಎಂದರು ಪ್ರಿನ್ಸಿಪಾಲರು.

ಚಿರಂತ್ ಕೆಮ್ಮಿದ. "ಸಾರ್, ನೀವು ಎರಡು ಸಲ ಬಿದ್ದಿದೀರ. ಒಂದ್ಸಲ ಫೋನಲ್ಲಿ, ಒಂದ್ಸಲ ಟ್ಯಾಬಲ್ಲಿ."

ರುದ್ರಮ್ಮ ಸಿಟ್ಟಾದರು. "ಒಂದ್ ಮಾತು ಹೇಳ್ಬಾರ್ದಾ ಸಾರ್? ನನ್ ಮಂಡಿ ನೋಡಿ, ಎಷ್ಟ್ ಓಡ್ಸಿದ್ರಿ!" ಎಂದು ಡಬ್ಬವನ್ನು ಅವನ ಕೈಗೆ ತುರುಕಿದರು. ಮರುಕ್ಷಣ ಪ್ರಿನ್ಸಿಪಾಲರ ಮುಖ ಕಣ್ಣಿಗೆ ಬಿತ್ತು. ಲೇತಿಗೆ ಒರಗಿ ನಗಲು ಶುರು ಮಾಡಿದರು. ಅದು ಎಲ್ಲರಿಗೂ ಹಬ್ಬಿತು. ಕೊನೆಗೆ ಪ್ರಿನ್ಸಿಪಾಲರೂ ಆನೆಯ ಸೊಂಡಿಲು ಹಿಡಿದುಕೊಂಡು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಸಂಜೆಯೊಳಗೆ ನಾವೆಲ್ಲ ರುದ್ರಮ್ಮನ ಮೇಜಿನ ಮುಂದೆ ಸರದಿಯಲ್ಲಿ ನಿಂತು ಪಾಸ್‌ವರ್ಡು ಬದಲಿಸಿದೆವು. ಒಪ್ಪಿಗೆ ಒತ್ತುವ ಮೊದಲು ಪ್ರತಿಯೊಬ್ಬರೂ ಸರ್ವರಿನ ಹೆಸರನ್ನು ಅವರಿಗೆ ಕೇಳಿಸುವಂತೆ ಅಕ್ಷರ ಬಿಡಿಸಿ ಓದಬೇಕಿತ್ತು. ಪ್ರಿನ್ಸಿಪಾಲರೂ ಓದಿದರು. ಅವಸರದಲ್ಲಿ ಒಂದಕ್ಷರ ನುಂಗಿದ್ದಕ್ಕೆ, "ಇನ್ನೊಂದ್ಸಲ ಸಾರ್," ಎಂದರು ರುದ್ರಮ್ಮ.

ಆಮೇಲೆ ಆದದ್ದು ಒಂದೆರಡಲ್ಲ. ಹೊರಗಿನಿಂದ ಬಂದವರಿಗೆ ಎರಡು ಗಂಟೆಯ ಅತಿಥಿ ವೈಫೈ ಚೀಟಿ ಕೊಡುವ ಅಧಿಕಾರ ಈಗ ಅವರದು. ಬೇಕರಿಯವರು ಅವರನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಒಂದು ಸಲ ತಪಾಸಣೆಗೆ ಬಂದ ತಂಡದ ಮುಖ್ಯಸ್ಥರನ್ನೇ, "ಐಡಿ ಕಾರ್ಡ್ ಸಾರ್?" ಎಂದು ನಿಲ್ಲಿಸಿದ್ದರು. ಅವರ ಕಾರ್ಡು ಕಾರಿನಲ್ಲಿತ್ತು. ಹೋಗಿ ತಂದರು. ವರದಿಯಲ್ಲಿ ನೆಟ್‌ವರ್ಕ್ ಸುರಕ್ಷತೆಯ ಬಗ್ಗೆ ಎರಡು ಒಳ್ಳೆಯ ವಾಕ್ಯ ಬರೆದರು. ಬಿಳೇಕಹಳ್ಳಿಯ ಒಂದು ಕಾಲೇಜಿನವರು ರುದ್ರಮ್ಮನನ್ನು ಭಾಷಣಕ್ಕೆ ಕರೆದಾಗ ಬೋರಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕುಳಿತು, ಹೆಂಡತಿಯ ಪ್ರತಿ ವಾಕ್ಯಕ್ಕೂ ಪಕ್ಕದವರ ಕಡೆ ತಿರುಗಿ ತಲೆಯಾಡಿಸಿದರು.

ಶನಿವಾರ ಮಧ್ಯಾಹ್ನಗಳಲ್ಲಿ ಚಿರಂತ್ ಬಂದು ಅವರಿಗೆ ಸರ್ವರಿನ ದಾಖಲೆ ಓದುವುದನ್ನು ಕಲಿಸುತ್ತಾನೆ. ಯಾರನ್ನು ಒಳಗೆ ಬಿಟ್ಟಿತು, ಯಾರನ್ನು ಯಾಕೆ ಬಿಡಲಿಲ್ಲ ಎಂಬ ಸಾಲುಗಳು. ಈಗೀಗ ತಾವೇ ಮೌಸ್ ಹಿಡಿಯುತ್ತಾರೆ.

ಹೋದ ತಿಂಗಳು ರಜೆಯಲ್ಲಿ ನಾನು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬೀನ್ಸ್ ಆರಿಸುತ್ತಿದ್ದೆ. ಫೋನು ಬಂತು. ಆ ಕಡೆಯಿಂದ ಅವರ ಧ್ವನಿ ತರಕಾರಿಯಾಕೆಗೂ ಕೇಳಿಸುವಷ್ಟು ಜೋರಾಗಿತ್ತು.

"ಮೇಡಂ! ಹದಿನೇಳನೇ ನಂಬರ್ ಕಂಪ್ಯೂಟರ್‌ಗೆ ಇನ್ನೂ ಎರಡು ಸಾವಿರದ ಒಂಬತ್ತನೇ ಇಸವಿ!"

"ಏನಂತೀರಿ ರುದ್ರಮ್ಮ?"

ಬಿಡಿಸಿ ಹೇಳಿದರು. ಲ್ಯಾಬಿನ ಆ ಒಂದು ಯಂತ್ರ ಮೂರು ದಿನದಿಂದ ನೆಟ್‌ವರ್ಕಿಗೆ ಸೇರುತ್ತಿರಲಿಲ್ಲ. ಕೇಬಲ್ ಬದಲಾಯಿಸಿ ಎಂದು ಚಿರಂತ್ ಫೋನಿನಲ್ಲಿ ಹೇಳಿದ್ದ, ಬದಲಾಯಿಸಿದರೂ ಆಗಿರಲಿಲ್ಲ. ಇವರು ಸುಮ್ಮನೆ ಅದರ ಮುಂದೆ ಕುಳಿತು ಪರದೆಯನ್ನು ಮೂಲೆಯಿಂದ ಮೂಲೆಗೆ ಓದಿದ್ದಾರೆ. ಕೆಳಗೆ ಬಲಗಡೆ ತಾರೀಖು. ಒಳಗಿನ ಸಣ್ಣ ಬ್ಯಾಟರಿ ಶೆಲ್ ಸತ್ತು, ಗಡಿಯಾರ ಹಿಂದಕ್ಕೆ ಹೋಗಿಬಿಟ್ಟಿದೆ.

"ನಮ್ ಸರ್ವರ್ ಪತ್ರ ತೋರ್ಸುತ್ತೆ ಮೇಡಂ. ಈ ವರ್ಷದ್ದು. ಇವ್ನ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟೇ ಇಲ್ಲ! ಹುಟ್ಟದ ಮಗೀನ ನಂಬ್ತಾನಾ? ಶೆಲ್ ಹಾಕ್ದೆ, ತಾರೀಖ್ ತಿದ್ದಿದೆ, ಟಪ್ ಅಂತ ಸೇರ್ಕೊಂಡ! ಚಿರಂತ್ ಸಾರ್‌ಗೂ ಹೊಳ್ದಿರ್ಲಿಲ್ಲ ಮೇಡಂ! ನಾನೇ ಹಿಡ್ದೆ!"

ನನ್ನ ಕೈಯಿಂದ ಬೀನ್ಸ್ ಜಾರಿ ಬುಟ್ಟಿಗೆ ಬಿತ್ತು. "ಸಖತ್ ರುದ್ರಮ್ಮ! ಸಖತ್!" ಎಂದು ನಡುಬೀದಿಯಲ್ಲಿ ಕೂಗಿದೆ. ನಾಲ್ಕು ಜನ ತಿರುಗಿ ನೋಡಿದರು.

"ಯಾರಕ್ಕಾ ಅದು, ಲಾಟ್ರಿ ಹೊಡೀತಾ?" ಎಂದಳು ತರಕಾರಿಯಾಕೆ.

"ನಮ್ ಕಾಲೇಜಿನವ್ರು. ಕಂಪ್ಯೂಟರ್ ಸರಿ ಮಾಡಿದ್ರು."

"ಹೌದಾ? ನಮ್ಮನೆ ಫೋನೂ ಎರಡ್ ದಿನದಿಂದ ನೆಟ್ ಹಿಡೀತಿಲ್ಲ. ಒಂದ್ ಮಾತು ಕೇಳ್ಲಾ?"

ನನ್ನ ಫೋನನ್ನು ಆಕೆಯ ಕೈಗೆ ಕೊಟ್ಟೆ. "ತಾರೀಖು ಎಷ್ಟ್ ತೋರ್ಸ್ತಿದೆ ನೋಡಮ್ಮ ಮೊದ್ಲು," ಎಂಬ ಧ್ವನಿ ಕೇಳಿಸಿತು. ಆಕೆ ಸೊಂಟದಿಂದ ತನ್ನ ಫೋನು ತೆಗೆದು ಕಣ್ಣು ಕಿರಿದಾಗಿಸಿಕೊಂಡಳು. ನಾನು ಎಳೆಯ ಬೀನ್ಸನ್ನು ಒಂದೊಂದಾಗಿ ಆರಿಸಿ ತಕ್ಕಡಿಗೆ ಹಾಕತೊಡಗಿದೆ.